ನಕಲಿ ಔಷಧ: ವೈದ್ಯರ ಮೌನವೇಕೆ?

1986ರ ಆರಂಭದಲ್ಲಿ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಾಲ್ ಪಡೆದ 14 ರೋಗಿಗಳು ಮೃತಪಟ್ಟ ದುರಂತವನ್ನು ಮುಂಬಯಿಯ ಹಿರಿಯ ಕನ್ನಡಿಗರು ಮರೆತಿರಲಾರರು. ಮೆದುಳು ಮತ್ತು ಕಣ್ಣಿನ ಒತ್ತಡ ಇಳಿಸಲು ಕೊಡುವ ಆ ಔಷಧದಲ್ಲಿ ಡೈ-ಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ರಾಸಾಯನಿಕ ಬೆರೆತು ರೋಗಿಗಳ ಮೂತ್ರಪಿಂಡಗಳೇ ಕೆಟ್ಟುಹೋದವು. ನ್ಯಾಯಮೂರ್ತಿ ಲೆಂಟಿನ್ ಆಯೋಗವು ಆಸ್ಪತ್ರೆಯಿಂದ ಹಿಡಿದು ಔಷಧ ಆಡಳಿತ, ಸಚಿವರವರೆಗೆ ಯಾರನ್ನೂ ಬಿಡದೆ ತರಾಟೆಗೆ ತೆಗೆದುಕೊಂಡಿತು. ಆದರೆ 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಬಲಿಯಾದದ್ದು ಇದೇ ವಿಷಕ್ಕೆ!

2014-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಪರೀಕ್ಷಿಸಿದ ಸುಮಾರು 47,000 ಮಾದರಿಗಳಲ್ಲಿ ಅಪ್ಪಟ ನಕಲಿ ಎಂದು ಕಂಡುಬಂದವು ಕೇವಲ 13. ಇದನ್ನೇ ಮುಂದಿಟ್ಟುಕೊಂಡು ನಿಶ್ಚಿಂತರಾಗಿರುವ ವೈದ್ಯರು ಕಡಿಮೆಯಿಲ್ಲ. ಅದೇ ಸಮೀಕ್ಷೆಯ ಇನ್ನೊಂದು ಅಂಕಿಅಂಶ ಅಷ್ಟು ಹಿತಕರವಲ್ಲ. ಗುಣಮಟ್ಟವಿಲ್ಲದ ಔಷಧಗಳ ಪ್ರಮಾಣ ಅಂಗಡಿಗಳಲ್ಲಿ ಶೇ. 3.16 ಇದ್ದರೆ ಸರಕಾರಿ ಮೂಲಗಳಲ್ಲಿ ಶೇ. 10.02. ಬಡವನಿಗೆ ಸಿಗುವ ಗುಳಿಗೆಯೇ ಹೆಚ್ಚು ಸಂಶಯಾಸ್ಪದ ಎಂದಾಯಿತು. 2024ರಲ್ಲಿ ನಾಗಪುರ ಪೊಲೀಸರು ಸಲ್ಲಿಸಿದ ಆರೋಪಪಟ್ಟಿಯ ಪ್ರಕಾರ ಸರಕಾರಿ ಆಸ್ಪತ್ರೆಗಳಿಗೆ ಪೂರೈಕೆಯಾದ ಆಂಟಿಬಯಾಟಿಕ್ ಗುಳಿಗೆಗಳಲ್ಲಿ ಇದ್ದದ್ದು ಟಾಲ್ಕಮ್ ಪೌಡರ್ ಮತ್ತು ಗಂಜಿಪುಡಿ. ಅದೇ ವರ್ಷ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಬಳಿಕ ಬಾಣಂತಿಯರು ತೀರಿಕೊಂಡಾಗಲೂ ಬೆರಳು ತೋರಿದ್ದು ಡ್ರಿಪ್ ದ್ರಾವಣದತ್ತ.

ಜ್ವರ ಇಳಿಯದಿದ್ದರೆ ವೈದ್ಯರು ಏನು ಮಾಡುತ್ತಾರೆ? ಡೋಸ್ ಹೆಚ್ಚಿಸುತ್ತಾರೆ, ಇನ್ನಷ್ಟು ಪ್ರಬಲವಾದ ಔಷಧ ಬರೆಯುತ್ತಾರೆ, ರೋಗಿ ಸರಿಯಾಗಿ ಗುಳಿಗೆ ನುಂಗಿಲ್ಲವೆಂದು ಗದರುತ್ತಾರೆ. ಗುಳಿಗೆಯನ್ನೇ ಶಂಕಿಸುವವರು ವಿರಳ. ಶಂಕೆ ಬಂದರೂ ಪೊಲೀಸು, ಕೋರ್ಟು, ಕಾಗದಪತ್ರಗಳ ರಗಳೆ ಯಾರಿಗೆ ಬೇಕು ಎಂಬ ಮನೋಭಾವ. ದಿನವಿಡೀ ದುಡಿಯುವ ವೈದ್ಯರ ಕಷ್ಟ ಅರ್ಥವಾಗುವಂಥದ್ದೇ. ಆದರೆ ಔಷಧ ಕೆಲಸ ಮಾಡಲಿಲ್ಲವೆಂಬುದನ್ನು ಎಲ್ಲರಿಗಿಂತ ಮೊದಲು ಕಾಣುವವರು ಅವರು, ದಾದಿಯರು ಮತ್ತು ಔಷಧ ಅಂಗಡಿಯವರು. ಅವರೇ ಸುಮ್ಮನಿದ್ದರೆ ಅಧಿಕಾರಿಗಳಿಗೆ ತಿಳಿಯುವುದು ಸಾವು ಸಂಭವಿಸಿದ ಮೇಲೆಯೇ. ಔಷಧದ ದುಷ್ಪರಿಣಾಮ ವರದಿ ಮಾಡಲು 2010ರಿಂದ ರಾಷ್ಟ್ರೀಯ ವ್ಯವಸ್ಥೆಯಿದೆ; 1800-180-3024 ಎಂಬ ಉಚಿತ ದೂರವಾಣಿಯೂ ಇದೆ. ಎಷ್ಟು ಕ್ಲಿನಿಕ್‌ಗಳ ಗೋಡೆಯ ಮೇಲೆ ಆ ಸಂಖ್ಯೆ ಕಾಣಸಿಗುತ್ತದೆ?

ಕಾನೂನೇನೂ ಸಡಿಲವಾಗಿಲ್ಲ. 2008ರ ತಿದ್ದುಪಡಿಯಂತೆ ನಕಲಿ ಔಷಧದಿಂದ ಸಾವು ಸಂಭವಿಸಿದರೆ ಕನಿಷ್ಠ 10 ವರ್ಷ ಸೆರೆವಾಸ, ಜೀವಾವಧಿಯವರೆಗೂ ಶಿಕ್ಷೆ. 2023ರ ಆಗಸ್ಟಿನಿಂದ 300 ಪ್ರಮುಖ ಬ್ರಾಂಡುಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಮೊಬೈಲಿನಲ್ಲಿ ಅದನ್ನು ನೋಡುವುದು ಹೇಗೆಂದು ವಯೋವೃದ್ಧರಿಗೆ ತೋರಿಸಿಕೊಡಲು ಔಷಧ ಅಂಗಡಿಯವರಿಗೆ ಅರ್ಧ ನಿಮಿಷ ಸಾಕು.

ಮುಂಬಯಿ, ಠಾಣೆ, ಪುಣೆಗಳ ಕನ್ನಡ ಸಂಘಗಳಿಗೂ ಇದರಲ್ಲಿ ಪಾಲಿದೆ. ಸಂಘಗಳು ನಡೆಸುವ ಉಚಿತ ವೈದ್ಯಕೀಯ ಶಿಬಿರಗಳಲ್ಲಿ ಔಷಧವನ್ನೂ ಹಂಚುವುದುಂಟು. ದಾನಿಗಳ ಹೆಸರು ಬ್ಯಾನರಿನಲ್ಲಿ ದಪ್ಪಕ್ಷರದಲ್ಲಿ ಮೆರೆಯುತ್ತದೆ, ಔಷಧದ ಬ್ಯಾಚ್ ಸಂಖ್ಯೆ ಮಾತ್ರ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಬಿಲ್ಲಿಲ್ಲದೆ, ಭಾರೀ ರಿಯಾಯಿತಿಯಲ್ಲಿ ಬಂದ ಪೆಟ್ಟಿಗೆಯನ್ನು ಶಿಬಿರದ ವೈದ್ಯರೇ ನಿರಾಕರಿಸಬೇಕು, ಪದಾಧಿಕಾರಿಗಳು ಅದಕ್ಕೆ ಬೇಸರಿಸಬಾರದು. ಯಾವ ಔಷಧ, ಯಾವ ಬ್ಯಾಚ್, ಯಾರಿಗೆ ಕೊಟ್ಟದ್ದು ಎಂಬುದು ದಾಖಲಾಗಲಿ. ಸಂಶಯವಿದ್ದರೆ ಖರೀದಿಸಿದ ಔಷಧವನ್ನು ನಿಗದಿತ ಶುಲ್ಕ ತೆತ್ತು ಸರಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕನ್ನು ಔಷಧ ಕಾಯಿದೆಯ 26ನೇ ಕಲಂ ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ಸಮಾಜದ ವೈದ್ಯರು ಸನ್ಮಾನಗಳಿಗಷ್ಟೇ ವೇದಿಕೆಯೇರದೆ ಮುಂದಿನ ಶಿಬಿರದಲ್ಲಿ ಇದನ್ನೊಂದು ಹತ್ತು ನಿಮಿಷ ವಿವರಿಸಲಿ, ಅರ್ಜಿ ಬರೆಯಲು ನೆರವಾಗಲಿ.