ಕ್ರೈಸ್ತ ವಿವಾಹದ ಬದ್ಧತೆ ಮತ್ತು ವಿಚ್ಛೇದನದ ಪ್ರಶ್ನೆ

ಕ್ರೈಸ್ತ ಧರ್ಮದಲ್ಲಿ ಮದುವೆಯೆಂದರೆ ಗಂಡು ಹೆಣ್ಣು ಬದುಕಿರುವಷ್ಟು ಕಾಲಕ್ಕೂ ಪರಸ್ಪರ ಕೊಡುವ ಮಾತು. ಕಥೋಲಿಕರು, ಪ್ರೊಟೆಸ್ಟೆಂಟರು, ಆರ್ಥೊಡಾಕ್ಸ್ ಸಭೆಯವರು ಇದರಲ್ಲಿ ಒಮ್ಮತದವರು. ಆ ಮಾತು ಮುರಿದುಬಿದ್ದಾಗ ಏನು ಮಾಡಬೇಕು ಎಂಬಲ್ಲಿಂದ ಅವರ ದಾರಿಗಳು ಬೇರೆಯಾಗುತ್ತವೆ. ಮುರಿದ ಸಂಬಂಧವನ್ನು ಇನ್ನೂ ಮದುವೆಯೆಂದೇ ಎಣಿಸಬೇಕೆ? ನೊಂದವರು ಮತ್ತೆ ಮದುವೆಯಾಗಬಹುದೆ? ಅದನ್ನು ತೀರ್ಮಾನಿಸುವ ಅಧಿಕಾರ ಧರ್ಮಸಭೆಯದೋ, ಸರ್ಕಾರದ ನ್ಯಾಯಾಲಯದ್ದೋ? ಎರಡು ಸಾವಿರ ವರ್ಷಗಳ ಕ್ರೈಸ್ತ ಚಿಂತನೆ ಈ ಮೂರು ಪ್ರಶ್ನೆಗಳನ್ನು ಸುತ್ತಿಕೊಂಡು ಬೆಳೆದಿದೆ.

ತೊಣ್ಣೂರು ಕೆರೆಯ ಸುತ್ತಿನ ಪಾಂಡವಪುರ, ಶ್ರೀರಂಗಪಟ್ಟಣ ಸೀಮೆಗೆ ಈ ಪ್ರಶ್ನೆಗಳು ಹೊಸವಲ್ಲ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದಲೇ ಹಿರೋಡೆಗೆ, ಅಂದರೆ ಇಂದಿನ ಪಾಂಡವಪುರಕ್ಕೆ, ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದಿತ್ತು. 1784ರಲ್ಲಿ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತಂದರು. 1799ರವರೆಗೂ ಅವರ ಬದುಕು ಈ ನೆಲದಲ್ಲೇ ಕಳೆಯಿತು. ಟಿಪ್ಪು ಮಡಿದ ಮೇಲೆ ಚದುರಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಲು ಬಂದವರು ಜನ ದೊಡ್ಡ ಸ್ವಾಮಿಯವರೆಂದು ಕರೆದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಶ್ರೀರಂಗಪಟ್ಟಣದ ಮಗ್ಗುಲ ಗಂಜಾಮಿನ ಚರ್ಚು ಅವರ ಕಾಲದ್ದು. ಇಂದು ಈ ಸೀಮೆ ಇರುವ ಮಂಡ್ಯ ಜಿಲ್ಲೆಯಲ್ಲಿ ಮೈಸೂರು ಧರ್ಮಪ್ರಾಂತ್ಯದ ಲ್ಯಾಟಿನ್ ಕಥೋಲಿಕರಿದ್ದಾರೆ, 2010ರಲ್ಲಿ ಸ್ಥಾಪನೆಯಾದ ಮಂಡ್ಯ ಧರ್ಮಪ್ರಾಂತ್ಯಕ್ಕೆ ಸೇರಿದ ಸಿರೋ ಮಲಬಾರ್ ಕಥೋಲಿಕರಿದ್ದಾರೆ, ಪ್ರೊಟೆಸ್ಟೆಂಟರಿದ್ದಾರೆ. ಒಂದೇ ಊರಿನ ಕ್ರೈಸ್ತರ ನಡುವೆಯೂ ಮದುವೆಯ ನಿಯಮಗಳು ಒಂದೇ ಅಲ್ಲ.

ಎಲ್ಲ ಸಭೆಗಳಿಗೂ ಮೂಲ ಯೇಸುಸ್ವಾಮಿಯ ಬೋಧನೆ. ಮೋಶೆಯ ಧರ್ಮಶಾಸ್ತ್ರದಂತೆ ಗಂಡ ತ್ಯಾಗಪತ್ರ ಬರೆದುಕೊಟ್ಟು ಹೆಂಡತಿಯನ್ನು ಕಳುಹಿಸಬಹುದಿತ್ತು. ಹೆಂಡತಿಗೆ ಅಂಥ ಹಕ್ಕು ಇರಲಿಲ್ಲ. ಯಾವ ಕಾರಣಕ್ಕೆ ಕಳುಹಿಸಬಹುದು ಎಂಬ ಬಗ್ಗೆ ಯೆಹೂದಿ ಗುರುಗಳಲ್ಲಿ ಎರಡು ಪಂಥಗಳಿದ್ದವು. ಶಮ್ಮೈ ಪಂಥದವರು ಹಾದರದಂಥ ಗಂಭೀರ ಕಾರಣವೇ ಬೇಕೆಂದರು. ಹಿಲ್ಲೇಲ್ ಪಂಥದವರಿಗೆ ಅಡುಗೆ ಕೆಡಿಸಿದ್ದೂ ಸಾಕಷ್ಟು ಕಾರಣವಾಗಿತ್ತು. ಫರಿಸಾಯರು ಈ ವಾದವನ್ನೇ ಯೇಸುವಿನ ಮುಂದಿಟ್ಟರು. ಯೇಸು ಎರಡರಲ್ಲಿ ಒಂದನ್ನು ಆರಿಸಿಕೊಳ್ಳದೆ ಆದಿಕಾಂಡದ ಸೃಷ್ಟಿಯ ಪ್ರಸಂಗಕ್ಕೆ ಹಿಂತಿರುಗಿದರು. ದೇವರು ಇಬ್ಬರನ್ನು ಒಂದಾಗಿಸಿದ ಮೇಲೆ ಮನುಷ್ಯ ಅದನ್ನು ಬೇರೆ ಮಾಡಲಾಗದು, ಮೋಶೆ ಕೊಟ್ಟದ್ದು ಜನರ ಕಠಿಣ ಹೃದಯಕ್ಕಾಗಿ ಕೊಟ್ಟ ಸಡಿಲಿಕೆ ಮಾತ್ರ ಎಂಬುದು ಅವರ ಉತ್ತರದ ಸಾರ.

ಈ ಉತ್ತರದ ಗುರಿ ಯಾರ ಕಡೆಗಿತ್ತು ಎಂಬುದು ಮುಖ್ಯ. ಸಣ್ಣ ನೆಪಕ್ಕೆ ಮನೆಯಿಂದ ಹೊರಬಿದ್ದ ಹೆಂಗಸಿಗೆ ಆ ಸಮಾಜದಲ್ಲಿ ಆಸರೆ ಇರಲಿಲ್ಲ. ಗಂಡನ ಕೈಯಲ್ಲಿದ್ದ ಏಕಪಕ್ಷೀಯ ಅಧಿಕಾರವನ್ನೇ ಯೇಸು ಕಿತ್ತುಕೊಂಡರು. ಮಾರ್ಕನ ಸುವಾರ್ತೆಯಲ್ಲಿ ಹೆಂಡತಿಯನ್ನು ಬಿಟ್ಟು ಬೇರೊಬ್ಬಳನ್ನು ಮದುವೆಯಾದ ಗಂಡ ಆ ಹೆಂಡತಿಗೇ ದ್ರೋಹ ಬಗೆದವನಾಗುತ್ತಾನೆ. ಹಾದರವನ್ನು ಇನ್ನೊಬ್ಬ ಗಂಡಸಿನ ಹಕ್ಕಿನ ಮೇಲಿನ ಅತಿಕ್ರಮಣವೆಂದು ಎಣಿಸುತ್ತಿದ್ದ ಕಾಲದಲ್ಲಿ ಇದು ಕ್ರಾಂತಿಕಾರಕ ನುಡಿ. ಕ್ರೈಸ್ತ ವಿವಾಹದ ಕಟ್ಟುನಿಟ್ಟು ಹುಟ್ಟಿದ್ದು ದುರ್ಬಲರ ರಕ್ಷಣೆಗಾಗಿ. ಮುಂದಿನ ಎಲ್ಲ ನಿಯಮಗಳನ್ನೂ ಈ ಮೂಲದಿಂದಲೇ ಅಳೆಯಬೇಕು.

ಹೊಸ ಒಡಂಬಡಿಕೆಯಲ್ಲೇ ಎರಡು ವಿನಾಯಿತಿಗಳೂ ಕಾಣುತ್ತವೆ. ಮಾರ್ಕ ಮತ್ತು ಲೂಕರಲ್ಲಿ ನಿಷೇಧಕ್ಕೆ ಯಾವ ಷರತ್ತೂ ಇಲ್ಲ. ಮತ್ತಾಯನಲ್ಲಿ ಮಾತ್ರ ಲೈಂಗಿಕ ಅನೀತಿಯ ಸಂದರ್ಭವನ್ನು ಹೊರತುಪಡಿಸಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಇನ್ನೊಂದು ಸನ್ನಿವೇಶವನ್ನು ಎತ್ತಿಕೊಳ್ಳುತ್ತಾನೆ. ದಂಪತಿಗಳಲ್ಲಿ ಒಬ್ಬರು ಕ್ರೈಸ್ತರಾಗಿ, ಕ್ರೈಸ್ತರಲ್ಲದ ಇನ್ನೊಬ್ಬರು ತಾವಾಗಿ ಬಿಟ್ಟುಹೋದರೆ ಉಳಿದವರು ಬಂಧನದಲ್ಲಿಲ್ಲ ಎನ್ನುತ್ತಾನೆ. ಜೊತೆಗೆ ಬಾಳಲು ಇನ್ನೊಬ್ಬರು ಒಪ್ಪಿದರೆ ಬಿಡಬಾರದು ಎಂದೂ ಸೇರಿಸುತ್ತಾನೆ. ಬ್ರಿಟಿಷ್ ಭಾರತದಲ್ಲಿ 1866ರಲ್ಲಿ ಬಂದ ಮತಾಂತರಿತರ ವಿವಾಹ ವಿಸರ್ಜನೆ ಕಾಯಿದೆ ಇದೇ ಸಂದರ್ಭಕ್ಕೆ ಕಾನೂನಿನ ರೂಪ ಕೊಟ್ಟಿತು.

ಕಥೋಲಿಕ ಧರ್ಮಸಭೆ ಮಾರ್ಕ, ಲೂಕರ ಷರತ್ತಿಲ್ಲದ ಬೋಧನೆಯನ್ನೇ ಎತ್ತಿಹಿಡಿದಿದೆ. ಸಂತ ಅಗಸ್ಟೀನರು ನಿಷ್ಠೆ, ಸಂತಾನ, ಸಂಸ್ಕಾರ ಎಂಬ ಮೂರನ್ನು ಮದುವೆಯ ಒಳಿತುಗಳೆಂದು ಎಣಿಸಿದರು. 1563ರಲ್ಲಿ ಟ್ರೆಂಟ್ ಮಹಾಸಭೆ ಮದುವೆ ಸಂಸ್ಕಾರವೆಂಬುದನ್ನು ಖಚಿತಪಡಿಸಿ, ಪಾದ್ರಿ ಮತ್ತು ಸಾಕ್ಷಿಗಳ ಎದುರಿನಲ್ಲೇ ನಡೆಯಬೇಕೆಂದು ಕಟ್ಟಳೆ ಮಾಡಿತು. ಈಗ ಜಾರಿಯಲ್ಲಿರುವ 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ, ಜ್ಞಾನಸ್ನಾನ ಪಡೆದ ಇಬ್ಬರ ನಡುವೆ ಕ್ರಮಬದ್ಧವಾಗಿ ನಡೆದು ದಾಂಪತ್ಯದಲ್ಲಿ ಪೂರ್ಣಗೊಂಡ ಮದುವೆಯನ್ನು ಸಾವಿನ ಹೊರತು ಯಾವ ಮಾನವ ಶಕ್ತಿಯೂ ಬಿಡಿಸಲಾರದು. ಲ್ಯಾಟಿನ್ ಸಂಪ್ರದಾಯದಲ್ಲಿ ವಧೂವರರೇ ಒಬ್ಬರಿಗೊಬ್ಬರು ಈ ಸಂಸ್ಕಾರವನ್ನು ನೀಡುವವರು. ಸಿರೋ ಮಲಬಾರಿನಂಥ ಪೌರ್ವಾತ್ಯ ಸಭೆಗಳಲ್ಲಿ ಗುರುಗಳ ಆಶೀರ್ವಾದವಿಲ್ಲದೆ ಮದುವೆಯೇ ಸಿಂಧುವಲ್ಲ. ಬಂಧ ಬಿಚ್ಚಲಾಗದು ಎಂಬುದರಲ್ಲಿ ಇಬ್ಬರದೂ ಒಂದೇ ನಿಲುವು.

ಆದರೂ ಕಥೋಲಿಕ ಕಾನೂನು ಎರಡು ದಾರಿಗಳನ್ನು ತೆರೆದಿಟ್ಟಿದೆ. ಒಂದು, ಬೇರೆ ಬಾಳುವುದು. ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಡಾಂತರವಿದ್ದರೆ, ಮಕ್ಕಳಿಗೆ ಅಪಾಯವಿದ್ದರೆ ಬೇರೆಯಿರಲು ಅದು ಅನುಮತಿಸುತ್ತದೆ. ತಡಮಾಡಿದರೆ ಕೇಡು ಎಂಬಾಗ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಮದುವೆಯ ಬಂಧ ಮಾತ್ರ ಉಳಿಯುತ್ತದೆ. ಇನ್ನೊಂದು, ಮದುವೆ ಮೊದಲಿನಿಂದಲೇ ಅಸಿಂಧುವಾಗಿತ್ತು ಎಂಬ ತೀರ್ಪು. ಬಲವಂತದ ಒಪ್ಪಿಗೆ, ಮುಖ್ಯ ಸಂಗತಿಯಲ್ಲಿ ಮೋಸ, ದಾಂಪತ್ಯದ ಹೊಣೆ ಹೊರಲಾಗದ ಮಾನಸಿಕ ಸ್ಥಿತಿ, ಮಕ್ಕಳೇ ಬೇಡವೆಂಬ ಗುಪ್ತ ನಿರ್ಧಾರ ಇಂಥವು ಸಾಬೀತಾದರೆ ಧರ್ಮಪ್ರಾಂತ್ಯದ ನ್ಯಾಯಮಂಡಳಿ ಹಾಗೆ ಘೋಷಿಸಬಹುದು. ಆಗಿದ್ದ ಮದುವೆಯನ್ನು ಅದು ಮುರಿಯುವುದಿಲ್ಲ, ಮದುವೆ ಆಗಿಯೇ ಇರಲಿಲ್ಲವೆಂದು ಹೇಳುತ್ತದೆ. 2015ರಲ್ಲಿ ಪೋಪ್ ಫ್ರಾನ್ಸಿಸ್ ಈ ವಿಚಾರಣೆಯನ್ನು ಸರಳಗೊಳಿಸಿದರು. ಎರಡನೆಯ ನ್ಯಾಯಮಂಡಳಿಯೂ ಒಪ್ಪಲೇಬೇಕೆಂಬ ನಿಯಮ ಹೋಯಿತು. ಆದಷ್ಟು ಮಟ್ಟಿಗೆ ವಿಚಾರಣೆ ಉಚಿತವಾಗಿರಬೇಕೆಂಬ ಆಶಯ ಬಂತು.

ಆರ್ಥೊಡಾಕ್ಸ್ ಸಭೆಗಳು ನಿಯಮವನ್ನು ಹಾಗೆಯೇ ಇಟ್ಟು, ಮನುಷ್ಯನ ಬಲಹೀನತೆಗೆ ಕರುಣೆ ತೋರುವ ಪದ್ಧತಿಯನ್ನು ಬೆಳೆಸಿದವು. ಮುರಿದದ್ದನ್ನು ಮುರಿದಿದೆ ಎಂದು ಒಪ್ಪಿಕೊಂಡು ಎರಡನೆಯ, ಅಪರೂಪಕ್ಕೆ ಮೂರನೆಯ ಮದುವೆಗೂ ಅವು ಅವಕಾಶ ಕೊಡುತ್ತವೆ. ಆ ಮದುವೆಯ ವಿಧಿಯಲ್ಲಿ ಪಶ್ಚಾತ್ತಾಪದ ಪ್ರಾರ್ಥನೆಗಳೇ ಹೆಚ್ಚು. ಲೂಥರ್ ಮತ್ತು ಕಾಲ್ವಿನ್ ಮದುವೆಯನ್ನು ಸಂಸ್ಕಾರಗಳ ಸಾಲಿನಿಂದ ತೆಗೆದು ದೇವರು ಏರ್ಪಡಿಸಿದ ಲೋಕವ್ಯವಸ್ಥೆಯೆಂದು ಕಂಡರು. ಮತ್ತಾಯ ಮತ್ತು ಪೌಲರ ವಿನಾಯಿತಿಗಳ ಆಧಾರದ ಮೇಲೆ, ಹಾದರ ಮತ್ತು ಉದ್ದೇಶಪೂರ್ವಕವಾಗಿ ತೊರೆದುಹೋಗುವುದು ವಿಚ್ಛೇದನಕ್ಕೆ ಕಾರಣವೆಂದು ಬಹುತೇಕ ಪ್ರೊಟೆಸ್ಟೆಂಟ್ ಸಭೆಗಳು ಒಪ್ಪಿದವು. ಇಂಗ್ಲೆಂಡಿನ ಸಭೆ ಬಹುಕಾಲ ಇದಕ್ಕಿಂತ ಬಿಗಿಯಾಗಿತ್ತು. ವಿಚ್ಛೇದಿತರಿಗೆ ವಿಶೇಷ ಸಂದರ್ಭಗಳಲ್ಲಿ ಚರ್ಚಿನಲ್ಲೇ ಮರುಮದುವೆ ಮಾಡಿಸಬಹುದೆಂದು ಅದರ ಮಹಾಸಭೆ ಒಪ್ಪಿದ್ದು 2002ರಲ್ಲಿ. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ಕಟ್ಟಿದ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದ್ದರಿಂದ, ಆಂಗ್ಲಿಕನ್ ಮತ್ತು ಮೆಥೊಡಿಸ್ಟ್ ಪರಂಪರೆಗಳೆರಡೂ ಇಲ್ಲಿ ಕೂಡಿಕೊಂಡಿವೆ.

ಸಭೆಗಳ ನಿಯಮ ಏನೇ ಇರಲಿ, ಭಾರತದಲ್ಲಿ ಕ್ರೈಸ್ತರ ಮದುವೆಗೆ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ, ವಿಚ್ಛೇದನಕ್ಕೆ 1869ರ ವಿಚ್ಛೇದನ ಕಾಯಿದೆ ಅನ್ವಯಿಸುತ್ತವೆ. ಹಳ್ಳಿಯ ಚರ್ಚಿನಲ್ಲಿ ನಡೆಯುವ ಮದುವೆಯನ್ನೇ ನೋಡಬಹುದು. ಮೊದಲು ವಧೂವರರ ಜ್ಞಾನಸ್ನಾನದ ಪತ್ರಗಳು ಬರುತ್ತವೆ. ಅವರು ಬೇರೆ ಮದುವೆಯ ಬಂಧನದಲ್ಲಿಲ್ಲ ಎಂಬುದು ಖಾತ್ರಿಯಾಗಬೇಕು. ಭಾನುವಾರದ ಪೂಜೆಯಲ್ಲಿ ಮದುವೆ ಪ್ರಕಟಣೆ ಓದಿ, ಅಡ್ಡಿಯಿದ್ದರೆ ತಿಳಿಸಿ ಎಂದು ಜನರನ್ನು ಕೇಳುತ್ತಾರೆ. ಮಾತು ಕೊಟ್ಟು, ಉಂಗುರ ತೊಡಿಸಿ, ತಾಳಿ ಕಟ್ಟುವ ರೂಢಿಯಿದ್ದಲ್ಲಿ ಅದನ್ನೂ ಕಟ್ಟಿದ ಮೇಲೆ ವಧೂವರರು, ಸಾಕ್ಷಿಗಳು, ಗುರುಗಳು ಮದುವೆ ದಫ್ತರಿನಲ್ಲಿ ಸಹಿ ಹಾಕುತ್ತಾರೆ. ಕಥೋಲಿಕರಲ್ಲಿ ಈ ಸುದ್ದಿ ಜ್ಞಾನಸ್ನಾನವಾದ ಊರಿನ ದಫ್ತರಿಗೂ ಹೋಗಿ, ಅವರ ಹೆಸರಿನ ಪಕ್ಕದಲ್ಲಿ ನಮೂದಾಗುತ್ತದೆ. ಆ ಒಂದು ಸಹಿಯಿಂದ ದೇವರ ಮುಂದೆಯೂ ಸರ್ಕಾರದ ಮುಂದೆಯೂ ಅವರು ಗಂಡಹೆಂಡತಿ. ಒಳಗೆ ಬರಲು ಒಂದೇ ಬಾಗಿಲು. ಹೊರಗೆ ಹೋಗಬೇಕಾದಾಗ ಎರಡು ಬಾಗಿಲು ದಾಟಬೇಕು, ಒಂದರ ಬೀಗದ ಕೈ ಇನ್ನೊಂದಕ್ಕೆ ಹತ್ತುವುದಿಲ್ಲ.

ಈ ತೊಡಕನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಕರ್ನಾಟಕದವರೇ. ಧರ್ಮಸಭೆಯ ನ್ಯಾಯಮಂಡಳಿ ಅಸಿಂಧುವೆಂದು ಘೋಷಿಸಿದ ಮದುವೆಯನ್ನು ಸರ್ಕಾರವೂ ಹಾಗೆಯೇ ಪರಿಗಣಿಸಬೇಕು, ಅದನ್ನು ನಂಬಿ ಮರುಮದುವೆಯಾದವರ ಮೇಲೆ ದ್ವಿಪತ್ನಿತ್ವದ ಮೊಕದ್ದಮೆ ಬೀಳಬಾರದು ಎಂದು ದಕ್ಷಿಣ ಕನ್ನಡದ ಕಥೋಲಿಕ ಸಂಘಟನೆಯ ಅಧ್ಯಕ್ಷರಾಗಿದ್ದ ಹಿರಿಯ ವಕೀಲ ಕ್ಲಾರೆನ್ಸ್ ಪಾಯಸ್ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. 2017ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಸಂಸತ್ತು ಮಾಡಿದ ಕಾಯಿದೆಯ ಜಾಗದಲ್ಲಿ ಧರ್ಮಸಭೆಯ ಕಾನೂನು ನಿಲ್ಲಲಾರದು ಎಂಬ 1996ರ ಮೋಲಿ ಜೋಸೆಫ್ ತೀರ್ಪನ್ನೇ ಅದು ಮುಂದುವರಿಸಿತು.

ಧರ್ಮಸಭೆಯ ತೀರ್ಪಿಗೆ ಮನ್ನಣೆ ಬೇಕೆಂಬ ವಾದದಲ್ಲಿ ಒಂದು ನ್ಯಾಯವಿದೆ: ಮದುವೆ ಮಾಡಿಸುವ ಅಧಿಕಾರವನ್ನು ಒಪ್ಪಿದ ಸರ್ಕಾರ ಅದರ ಸಿಂಧುತ್ವ ನಿರ್ಣಯಿಸುವ ಅಧಿಕಾರವನ್ನು ಒಪ್ಪದಿರುವುದು ಜನರಿಗೆ ಗೊಂದಲ ತರುತ್ತದೆ. ಆದರೆ ಮದುವೆ ಕೊನೆಗೊಂಡಾಗ ಜೀವನಾಂಶ, ಆಸ್ತಿ, ಮಕ್ಕಳ ಪಾಲನೆಯ ಪ್ರಶ್ನೆಗಳೂ ಏಳುತ್ತವೆ. ಅವನ್ನು ಜಾರಿಗೆ ತರುವ ಬಲ ಧರ್ಮಸಭೆಯ ನ್ಯಾಯಮಂಡಳಿಗಿಲ್ಲ. ಹೆಂಡತಿ, ಮಕ್ಕಳ ಅನ್ನದ ಪ್ರಶ್ನೆ ಇರುವಲ್ಲಿ ಸರ್ಕಾರದ ನ್ಯಾಯಾಲಯವೇ ಕೊನೆಯ ಮಾತು ಹೇಳುವುದು ಸರಿ.

ಹಾಗೆಂದು ಸರ್ಕಾರದ ಕಾನೂನು ಸದಾ ದುರ್ಬಲರ ಪರವಾಗಿತ್ತು ಎನ್ನಲಾಗದು. ಇಂಗ್ಲೆಂಡಿನ 1857ರ ಕಾಯಿದೆಯ ಅಚ್ಚಿನಲ್ಲಿ ಬಂದ 1869ರ ಕಾಯಿದೆಯಲ್ಲಿ ಹೆಂಡತಿಯ ಹಾದರವೊಂದೇ ಗಂಡನಿಗೆ ವಿಚ್ಛೇದನ ಸಿಗಲು ಸಾಕಿತ್ತು. ಹೆಂಡತಿಗಾದರೋ ಗಂಡನ ಹಾದರದ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದದ್ದನ್ನೋ ಸಾಬೀತು ಮಾಡಬೇಕಿತ್ತು. ಗಂಡ ದಿನವೂ ಹೊಡೆಯುತ್ತಾನೆ ಎಂಬುದು ಮಾತ್ರ ಕಾರಣವೇ ಆಗುತ್ತಿರಲಿಲ್ಲ. ಜಿಲ್ಲಾ ನ್ಯಾಯಾಲಯ ಕೊಟ್ಟ ವಿಚ್ಛೇದನವನ್ನು ಹೈಕೋರ್ಟ್ ದೃಢೀಕರಿಸಬೇಕಿತ್ತು. ಇಂಗ್ಲೆಂಡ್ 1923ರಲ್ಲೇ ಈ ಭೇದವನ್ನು ತೊಡೆದುಹಾಕಿತು. ಇಲ್ಲಿ 1995ರಲ್ಲಿ ಕೇರಳ ಹೈಕೋರ್ಟ್, 1997ರಲ್ಲಿ ಬಾಂಬೆ ಹೈಕೋರ್ಟ್ ಈ ಕಲಮಿನ ವಿರುದ್ಧ ತೀರ್ಪು ಕೊಟ್ಟ ಮೇಲೆ, ಕ್ರೈಸ್ತ ಮಹಿಳೆಯರ ದೀರ್ಘಕಾಲದ ಒತ್ತಾಯದ ಫಲವಾಗಿ, 2001ರಲ್ಲಿ ತಿದ್ದುಪಡಿ ಬಂತು. ಕ್ರೌರ್ಯವೂ ತೊರೆದುಹೋಗುವುದೂ ಇಬ್ಬರಿಗೂ ಸ್ವತಂತ್ರ ಕಾರಣಗಳಾದವು. ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿತು. ಹೈಕೋರ್ಟಿನ ದೃಢೀಕರಣ ರದ್ದಾಯಿತು. ಒಪ್ಪಿಗೆಯ ವಿಚ್ಛೇದನಕ್ಕೆ ಎರಡು ವರ್ಷ ಬೇರೆಯಿರಬೇಕೆಂಬ ಷರತ್ತನ್ನು ಒಂದು ವರ್ಷವೆಂದೇ ಓದಬೇಕು ಎಂದು 2010ರಲ್ಲಿ ಕೇರಳ ಹೈಕೋರ್ಟ್, ಆಮೇಲೆ ಕರ್ನಾಟಕ ಹೈಕೋರ್ಟ್ ಹೇಳಿದವು.

ಕಾನೂನು ಸಡಿಲವಾದರೆ ಬದ್ಧತೆಯೂ ಸಡಿಲವಾಗುತ್ತದೆ ಎಂಬ ಆತಂಕ ಸಭೆಗಳಲ್ಲಿ ಸಹಜವಾಗಿಯೇ ಇದೆ. ಅದನ್ನು ತಳ್ಳಿಹಾಕುವಂತಿಲ್ಲ. ಬಿಟ್ಟುಹೋಗುವ ದಾರಿ ಸುಲಭವಿದ್ದಾಗ, ತಾಳ್ಮೆಯಿಂದ ಸರಿಹೋಗಬಹುದಾದ ಜಗಳವೂ ಕೋರ್ಟಿನ ಮೆಟ್ಟಿಲು ಹತ್ತಬಹುದು. ಕಾಯಿಲೆ, ಸಾಲ, ಬರಗಾಲದಲ್ಲೂ ಸಂಗಾತಿ ಕೈಬಿಡುವುದಿಲ್ಲ ಎಂಬ ಭರವಸೆಯೇ ಸಂಸಾರಕ್ಕೆ ಆಧಾರ. ಷರತ್ತು ಹಾಕಿ ಕೊಟ್ಟ ಮಾತಿಗೆ ಆ ಶಕ್ತಿಯಿಲ್ಲ. ಆದರೆ ಮಾತು ಕೊಟ್ಟವರು ಇಬ್ಬರು. ಹೊಡೆಯುವವನು, ತೊರೆದುಹೋದವನು ಆ ಮಾತನ್ನು ಆಗಲೇ ಮುರಿದಿದ್ದಾನೆ. ಜೀವ ಉಳಿಸಿಕೊಳ್ಳಲು ಮನೆಬಿಟ್ಟ ಹೆಂಡತಿಯನ್ನು ಮಾತು ತಪ್ಪಿದವಳೆಂದು ಕರೆಯುವುದು ಯೇಸುವಿನ ಬೋಧನೆಯನ್ನು ತಲೆಕೆಳಗು ಮಾಡಿದಂತೆ. ಗಂಡನ ನಿರಂಕುಶ ಅಧಿಕಾರ ತಡೆಯಲು ಹುಟ್ಟಿದ ನಿಯಮ ಅದೇ ಅಧಿಕಾರಕ್ಕೆ ಕಾವಲಾಗಬಾರದು. ಸಹಿಸಿಕೋ ಎಂಬ ಬುದ್ಧಿವಾದ ಪೆಟ್ಟು ತಿನ್ನುವವರಿಗೆ ಸಲ್ಲದು. ಕಥೋಲಿಕ ಕಾನೂನೇ ಬೇರೆಯಿರುವ ಹಕ್ಕನ್ನು ಅವರಿಗೆ ಕೊಟ್ಟಿದೆ.

ಧರ್ಮಕೇಂದ್ರಗಳಲ್ಲಿ ಹರಡಿರುವ ಒಂದು ತಪ್ಪು ತಿಳಿವಳಿಕೆಯೂ ಇದಕ್ಕೆ ಸೇರಿಕೊಂಡಿದೆ. ನ್ಯಾಯಾಲಯದಿಂದ ವಿಚ್ಛೇದನ ಪಡೆದ ಕಥೋಲಿಕರು ಪರಮಪ್ರಸಾದ ಸ್ವೀಕರಿಸಬಾರದು ಎಂದು ಹಲವರು ನಂಬಿದ್ದಾರೆ. ವಿಚ್ಛೇದನವಷ್ಟೇ ಅದಕ್ಕೆ ಅಡ್ಡಿಯಲ್ಲ. ಮೊದಲ ಮದುವೆ ಅಸಿಂಧುವೆಂಬ ತೀರ್ಪಿಲ್ಲದೆ ಮರುಮದುವೆಯಾದವರ ವಿಷಯದಲ್ಲಿ ಮಾತ್ರ ನಿರ್ಬಂಧದ ಪ್ರಶ್ನೆ ಏಳುತ್ತದೆ. ಅವರೂ ಬಹಿಷ್ಕೃತರಲ್ಲ ಎಂದು 1981ರಲ್ಲಿ ಎರಡನೆಯ ಜಾನ್ ಪೌಲರು ಸ್ಪಷ್ಟಪಡಿಸಿದ್ದರು. ಒಬ್ಬೊಬ್ಬರ ಪರಿಸ್ಥಿತಿಯನ್ನೂ ವಿವೇಚಿಸಿ ಜೊತೆಗೆ ನಡೆಯಬೇಕೆಂದು 2016ರಲ್ಲಿ ಫ್ರಾನ್ಸಿಸ್ ಗುರುಗಳಿಗೆ ಹೇಳಿದರು.

ಬದ್ಧತೆಯನ್ನು ಕಾಪಾಡುವ ಕೆಲಸ ಹೆಚ್ಚಾಗಿ ಮದುವೆಗೆ ಮುಂಚೆ ನಡೆಯಬೇಕಾದದ್ದು. ಹುಡುಗಿಯ ಒಪ್ಪಿಗೆ ನಿಜವಾದದ್ದೇ, ಹುಡುಗನ ಕುಡಿತವನ್ನೋ ಕಾಯಿಲೆಯನ್ನೋ ಮುಚ್ಚಿಟ್ಟಿದ್ದಾರೆಯೇ, ಬೇಡಿಕೆಯ ಹಣಕ್ಕೆ ಮದುವೆ ಕುದುರಿದೆಯೇ ಎಂದು ವಿವಾಹಪೂರ್ವ ತರಬೇತಿಯಲ್ಲಿ ಕೇಳಿ ತಿಳಿಯುವುದು ಸಭೆಯ ಹೊಣೆ. ಮದುವೆಯಾದ ಮೇಲೆ ಜಗಳ ಹಳಸುವ ಮೊದಲೇ ಆಪ್ತ ಸಲಹೆ ಸಿಗಬೇಕು. ಇಷ್ಟಾದರೂ ಮುರಿದ ಮನೆಯವರಿಗೆ ನ್ಯಾಯಮಂಡಳಿಯ ದಾರಿ ತೋರಿಸುವುದು, ಜೀವನಾಂಶಕ್ಕೆ ನ್ಯಾಯಾಲಯಕ್ಕೆ ಹೋಗುವವರ ಜೊತೆ ನಿಲ್ಲುವುದು, ಚರ್ಚಿನಲ್ಲಿ ಅವರಿಗೆ ಎಂದಿನ ಜಾಗವನ್ನೇ ಉಳಿಸುವುದು ಆ ಹೊಣೆಯ ಉಳಿದ ಭಾಗ. ಸಾಯುವವರೆಗಿನ ಮಾತನ್ನು ಜನರಿಂದ ಕೇಳುವ ಸಭೆ, ಆ ಮಾತಿನಿಂದ ನೊಂದವರನ್ನು ಕೈಬಿಡದಿದ್ದಾಗ ಮಾತ್ರ ಅದನ್ನು ಕೇಳುವ ಅಧಿಕಾರ ಉಳಿಸಿಕೊಳ್ಳುತ್ತದೆ.