ಸತ್ತ ಮೀನೂ ಯೋಚಿಸಿತಂತೆ!

ಆ ಚಿತ್ರವನ್ನು ನೀವೂ ನೋಡಿರಬಹುದು. ಬೂದು ಬಣ್ಣದ ಮೆದುಳು, ಅದರ ಮೇಲೆ ಹೋಳಿಯಾಡಿದ ಹಾಗೆ ಕೆಂಪು, ಹಳದಿ. ಕೆಲವು ವರ್ಷಗಳ ಹಿಂದೆ ಕುಂದಾಪುರದಲ್ಲಿ ನಡೆದ ಅಕ್ಯುಪಂಕ್ಚರ್ ಶಿಬಿರವೊಂದಕ್ಕೆ ಅಕ್ಕನನ್ನು ಕರೆದುಕೊಂಡು ಹೋದವಳು ನಾನೇ. "ಕಾಣಿ ಅಮ್ಮ, ಸೂಜಿ ಚುಚ್ಚಿದ ಕೂಡಲೇ ಮೆದುಳಿನ ಜಾಲವೇ ಬದಲಾಗ್ತದೆ. ವಿಜ್ಞಾನವೇ ಒಪ್ಪಿದೆ" ಎಂದರು ಅಲ್ಲಿನವರು. ಚಿತ್ರ ನೋಡಿ ನಾನು ಸುಮ್ಮನಾದೆ. ಹಾಗೆ ಸುಮ್ಮನಾದದ್ದು ಇವತ್ತಿಗೂ ಚುಚ್ಚುತ್ತದೆ.

ಅಕ್ಕ ಬೈಂದೂರಿನವಳು. ಹದಿನೆಂಟು ವರ್ಷ ಕಾರ್ಖಾನೆಯಲ್ಲಿ ಗೇರುಬೀಜ ಒಡೆದ ಕೈ. ರಾತ್ರಿ ಬಲಗೈ ಜೋಮು ಹಿಡಿದು, ಎದ್ದು ಕೊಡವುತ್ತಾ ಕೂರುತ್ತಿದ್ದಳು. ಮಣಿಕಟ್ಟಿನ ಇಕ್ಕಟ್ಟಾದ ಓಣಿಯಲ್ಲಿ ನರ ಒತ್ತಿಹೋಗುವ ಕಾಯಿಲೆ; ಕಾರ್ಪಲ್ ಟನಲ್ ಎನ್ನುತ್ತಾರೆ. ಸೂಜಿ ಚುಚ್ಚಿಸಿಕೊಂಡು ಬಂದ ದಿನ ನಿದ್ದೆ ಬರುತ್ತಿತ್ತು, ಅದು ಸುಳ್ಳಲ್ಲ. "ಮೆದುಳು ಸರಿಯಾಗ್ತಾ ಇದೆ, ಡಾಕ್ಟರು ಯಾಕೆ?" ಎಂದರು. ಹಾಗೆಯೇ ಎಂಟು ತಿಂಗಳು ಹೋಯಿತು. ಕೊನೆಗೊಂದು ದಿನ "ರವಕೆ ಹುಕ್ಕ್ ಹಾಕುಕೆ ಆತಿಲ್ಲೆ ಮರಾಯ್ತಿ" ಎಂದಳು. ಬ್ರಹ್ಮಾವರದ ಡಾಕ್ಟರು ಕೈ ತಿರುಗಿಸಿ ತೋರಿಸಿದರು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿತ್ತು.

ಆಮೇಲೆ ಹಠ ಹಿಡಿದು ಓದಲು ಕುಳಿತೆ. ಆ ಬಣ್ಣ ಮೆದುಳಿನದ್ದಲ್ಲ, ಕಂಪ್ಯೂಟರು ಬಳಿದದ್ದು. ಮೆದುಳಿನ ಒಂದು ಭಾಗ ಕೆಲಸಕ್ಕಿಳಿದರೆ ಅಲ್ಲಿಯ ರಕ್ತದ ಆಮ್ಲಜನಕದಲ್ಲಿ ವ್ಯತ್ಯಾಸವಾಗುತ್ತದೆ, ಎಂ.ಆರ್.ಐ. ಯಂತ್ರ ಹಿಡಿಯುವುದು ಅದನ್ನು. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಆ ಯಂತ್ರದೊಳಗಿಟ್ಟು, ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಸತ್ತ ಮೀನಿನ ಮೆದುಳಿನಲ್ಲೂ ಬಣ್ಣ ಮೂಡುತ್ತದೆ ಎಂದು ತಮ್ಮವರಿಗೇ ಎಚ್ಚರಿಸಲಿಕ್ಕೆ! ಮೀನು ಆರಿಸಲು ಬಲ್ಲ ನಮ್ಮೂರ ಹೆಂಗಸರು ಮೋಸ ಹೋಗುವುದು ಮಾತ್ರ ಚಿತ್ರಕ್ಕೆ.

1998ರಲ್ಲಿ ಕಾಲಿನ ಕಿರುಬೆರಳಿಗೆ ಚುಚ್ಚಿದರೆ ಮೆದುಳಿನ ದೃಷ್ಟಿಯ ಭಾಗ ಎಚ್ಚರಗೊಳ್ಳುತ್ತದೆ ಎಂಬ ಲೇಖನ ದೊಡ್ಡ ಪತ್ರಿಕೆಯಲ್ಲಿ ಬಂದು ಜಗತ್ತೇ ಬೆರಗಾಯಿತು. 2006ರಲ್ಲಿ ಬರೆದವರೇ ಅದನ್ನು ಹಿಂತೆಗೆದುಕೊಂಡರು. ಹಿಂತೆಗೆದ ಸುದ್ದಿ ನಮ್ಮ ಶಿಬಿರಗಳಿಗೆ ಬರುವ ಬಸ್ಸು ಹತ್ತಲಿಲ್ಲ.

ಸೂಜಿಯ ಮೇಲೆ ನನಗೆ ಹಗೆಯಿಲ್ಲ. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ 1162 ಸೊಂಟನೋವಿನವರಿದ್ದರು. ಸರಿಯಾದ ಜಾಗಕ್ಕೆ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 47 ಮಂದಿಗೆ ಗುಣ ಕಂಡಿತು. ಜಾಗವಲ್ಲದ ಜಾಗಕ್ಕೆ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ 44. ಮಾತ್ರೆ, ವ್ಯಾಯಾಮದವರಲ್ಲಿ ಬರೀ 27. ಅರ್ಧ ಗಂಟೆ ಮಲಗಿಸಿ, ಎಲ್ಲಿ ನೋವು ಎಂದು ಕೇಳಿ, ಮೈಮುಟ್ಟಿ ನೋಡುವವರು ನಮ್ಮ ಹೆಂಗಸರಿಗೆ ಬೇರೆ ಯಾರಿದ್ದಾರೆ? ಅಷ್ಟಕ್ಕೇ ಮೆದುಳು ಬದಲಾದರೆ ನನಗೇನೂ ಆಶ್ಚರ್ಯವಿಲ್ಲ. ಸುಮ್ಮನೆ ಕೂತಾಗ ಎಚ್ಚರವಿರುವ ಜಾಲವೊಂದು ಮೆದುಳಿನಲ್ಲಿದೆಯಂತೆ. ಸೂಜಿಯ ನಂತರ ಅದರ ಸಂಪರ್ಕಗಳು ಬದಲಾದದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. (ಅಕ್ಕ ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಆ ಶಿಬಿರದಲ್ಲೇ.)

ಅಕ್ಕನ ಕಾಯಿಲೆಯ ಮೇಲೆಯೇ 2017ರಲ್ಲಿ ಅಮೆರಿಕದಿಂದ ಒಂದು ವರದಿ ಬಂತು. ಸುಳ್ಳುಸೂಜಿಯವರಿಗೂ ಜೋಮು ಇಳಿದಿತ್ತು. ನರದ ವೇಗ ಸುಧಾರಿಸಿದ್ದು, ಮೆದುಳಿನಲ್ಲಿ ಬೆರಳುಗಳ ನಕ್ಷೆ ಸರಿಹೋದದ್ದು ನಿಜವಾದ ಸೂಜಿಯವರಲ್ಲಿ. ನೋಡಿ, ಸೂಜಿಯ ಪರವಾಗಿಯೇ ಇದೆ! ಆದರೆ ಅವರು ಆರಿಸಿಕೊಂಡದ್ದು ಕಾಯಿಲೆ ಇನ್ನೂ ಸೌಮ್ಯ, ಮಧ್ಯಮ ಹಂತದಲ್ಲಿದ್ದವರನ್ನು. ಜೊತೆಗೆ ನರದ ಪರೀಕ್ಷೆಯನ್ನೂ ಮಾಡಿದರು. ಶಿಬಿರದಲ್ಲಿ ಅಕ್ಕನ ನರ ಯಾರು ಪರೀಕ್ಷಿಸಿದರು? ಯಾವ ಹಂತ ಎಂದು ಯಾರು ಕೇಳಿದರು? ಬೇರೆಯವರ ಮೆದುಳಿನ ಚಿತ್ರ ತೋರಿಸಿ ಇವಳ ಕೈಗೆ ದುಡ್ಡು ತೆಗೆದುಕೊಂಡರು.

ಆಪರೇಷನ್ ಆಯಿತು. ರಾತ್ರಿಯ ಜೋಮು ಹೋಯಿತು, ಗುಳಿ ತುಂಬಲಿಲ್ಲ. ಮೊನ್ನೆ ಶಾಸ್ತ್ರಿ ಸರ್ಕಲ್ಲಿನಲ್ಲಿ ಹುಡುಗನೊಬ್ಬ ಹ್ಯಾಂಡ್‌ಬಿಲ್ ಕೊಟ್ಟ. ಅದೇ ಕೆಂಪು ಹಳದಿ ಮೆದುಳು. ಅಕ್ಕ ಅದನ್ನು ಎಡಗೈಯಲ್ಲಿ ತೆಗೆದುಕೊಂಡಳು.