ಕಜ್ಜಿ: ಮಗುವನ್ನು ದೂರವಿಡುವುದು ಮದ್ದಲ್ಲ

ಗೌರಿಬಿದನೂರು ತಾಲೂಕಿನ ತೊಂಡೇಬಾವಿ ಒಂದು ಹೋಬಳಿ ಕೇಂದ್ರ. ಇಂತಹ ಊರುಗಳ ಶಾಲೆಗಳಿಗೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಹಗಲು ಒಂದೇ ಬೆಂಚಿನಲ್ಲಿ ಒತ್ತಾಗಿ ಕುಳಿತು, ಸಂಜೆ ತಂತಮ್ಮ ಊರಿಗೆ ಮರಳುತ್ತಾರೆ. ಒಂದು ಮಗುವಿನ ಬೆರಳ ಸಂದಿಯಲ್ಲಿ ಎದ್ದ ಕಜ್ಜಿ ಹಲವು ಮನೆಗಳಿಗೆ ಹರಡಲು ಇಷ್ಟು ಸಾಕು. ಕರಾವಳಿಯ ನಮ್ಮ ಶಾಲೆ, ಬೋರ್ಡಿಂಗ್‌ಗಳ ಪರಿಸ್ಥಿತಿಯೂ ಬೇರೆಯಲ್ಲ.

ಕಜ್ಜಿಗೆ ಕಾರಣ ಚರ್ಮವನ್ನು ಕೊರೆದು ಮೊಟ್ಟೆಯಿಡುವ ಅತಿ ಸಣ್ಣ ನುಸಿ. ಇದು ಕೊಳಕಿನಿಂದ ಹುಟ್ಟುವ ರೋಗವಲ್ಲ. ದಿನಾ ಸ್ನಾನ ಮಾಡುವವರಿಗೂ ಮೈಗೆ ಮೈ ತಾಗಿದರೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಯಾವುದೇ ಸಮಯದಲ್ಲಿ 20 ಕೋಟಿಗೂ ಹೆಚ್ಚು ಜನರಿಗೆ ಕಜ್ಜಿ ಇರುತ್ತದೆ. 2017ರಲ್ಲಿ ಸಂಸ್ಥೆ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕೆರೆದ ಗಾಯ ಕೀವುಗಟ್ಟಿದರೆ ಮೂತ್ರಪಿಂಡಕ್ಕೂ ತೊಂದರೆಯಾಗಬಹುದು.

ಕಜ್ಜಿಯಾದ ಮಗುವನ್ನು ಬೇರೆ ಕೂರಿಸುವುದು, ಪೂರ್ತಿ ವಾಸಿಯಾಗುವವರೆಗೆ ಮನೆಗೆ ಕಳುಹಿಸುವುದು ಹಲವರಿಗೆ ಸರಿಯೆನಿಸುತ್ತದೆ. ಆದರೆ ಮೊದಲ ಬಾರಿ ನುಸಿ ತಗಲಿದವರಿಗೆ ತುರಿಕೆ ಆರಂಭವಾಗುವುದು 4ರಿಂದ 6 ವಾರಗಳ ನಂತರ. ಅಷ್ಟರಲ್ಲಿ ಜೊತೆಯಲ್ಲಿ ಮಲಗುವ ತಂಗಿಗೆ, ಅಜ್ಜಿಗೆ ಅದು ದಾಟಿರುತ್ತದೆ. ಒಬ್ಬರಿಗೆ ಮಾತ್ರ ಮುಲಾಮು ಹಚ್ಚಿದರೆ ಉಳಿದವರಿಂದ ಮತ್ತೆ ಬರುತ್ತದೆ. ಅವಮಾನಕ್ಕೆ ಹೆದರಿದ ಮನೆಯವರು ರೋಗವನ್ನು ಮುಚ್ಚಿಡುತ್ತಾರೆ. ಹೀಗೆ ಶಾಲೆ ಮಗುವನ್ನು ಕಳೆದುಕೊಳ್ಳುತ್ತದೆ, ರೋಗ ಮಾತ್ರ ಉಳಿಯುತ್ತದೆ.

ಫಿಜಿ ದ್ವೀಪಗಳ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಇಡೀ ಸಮುದಾಯಕ್ಕೆ ಐವರ್ಮೆಕ್ಟಿನ್ ಮಾತ್ರೆ ನೀಡಿದ ಕಡೆ, ವರ್ಷದೊಳಗೆ ಕಜ್ಜಿ ಶೇ. 32ರಿಂದ ಸುಮಾರು ಶೇ. 2ಕ್ಕೆ ಇಳಿಯಿತು. ರೋಗಿಗಳಿಗೂ ಅವರ ಸಂಪರ್ಕದವರಿಗೂ ಮಾತ್ರ ಮುಲಾಮು ನೀಡಿದ ಕಡೆ ಇಳಿದದ್ದು ಅರ್ಧದಷ್ಟೇ.

ನಮ್ಮಲ್ಲಿ ದಾರಿಗಳಿಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರಕಾರಿ ಮತ್ತು ಅನುದಾನಿತ ಶಾಲಾ ಮಕ್ಕಳ ತಪಾಸಣೆಯಲ್ಲಿ ಕಜ್ಜಿಯೂ ಸೇರಿದೆ. ಆದರೆ ವರ್ಷಕ್ಕೊಮ್ಮೆ ಬರುವ ತಂಡವನ್ನು ಕಾಯುತ್ತಾ ಕೂರುವಂತಿಲ್ಲ. ಎರಡು ಮೂರು ಮಕ್ಕಳಲ್ಲಿ ತುರಿಕೆ ಕಂಡ ಕೂಡಲೇ ಶಿಕ್ಷಕರು, ವಾರ್ಡನ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ವೈದ್ಯರು ಹೇಳಿದ ಪರ್ಮೆಥ್ರಿನ್ ಮುಲಾಮನ್ನು ಮನೆಮಂದಿಯೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, ಒಂದೆರಡು ವಾರದಲ್ಲಿ ಮತ್ತೊಮ್ಮೆ ಹಚ್ಚಬೇಕು. ಹಾಸಿಗೆ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ತುರಿಕೆಯನ್ನು ಮರೆಸೀತು, ನುಸಿಯನ್ನು ಕೊಲ್ಲದು.

ಮೊದಲ ಚಿಕಿತ್ಸೆ ಮುಗಿದ ಮರುದಿನ ಮಗು ಸಾಮಾನ್ಯವಾಗಿ ತರಗತಿಗೆ ಮರಳಬಹುದು. ತುರಿಕೆ ಇನ್ನೂ ಕೆಲವು ವಾರ ಇದ್ದೀತು; ಅದನ್ನೇ ನೆಪ ಮಾಡಿ ಮಗುವನ್ನು ಹೊರಗಿಡಬೇಡಿ. ಮನೆಭೇಟಿಗೆ ಹೋಗುವ ಕಾರ್ಯಕರ್ತರು ಈ ಮಾತನ್ನು ಹೆತ್ತವರಿಗೆ ನಾಚಿಕೆಯಾಗದಂತೆ ತಿಳಿಸಿದರೆ ಅರ್ಧ ಕೆಲಸ ಆದಂತೆ.